ಒಂದು ದಿನದ ಮರಿ, ಹದಿನಾರು ಗಂಟೆಯ ದಾರಿ

ಊರಿನ ಹೊರಗಿರುವ ಹ್ಯಾಚರಿಯಲ್ಲಿ, ಅಂದರೆ ಕೋಳಿಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡುವ ಕಾರ್ಖಾನೆಯಲ್ಲಿ, ಅವಳನ್ನು ಎಲ್ಲರೂ ಪೆಟ್ಟಿಗೆಯಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಇಲ್ಲವೆಂದಲ್ಲ. ಹಾಜರಿ ಕೂಗುವಾಗ ಆ ಹೆಸರು ಬಂದರೆ ಪಕ್ಕದವರು ಮೊಣಕೈಯಿಂದ ತಿವಿದು, "ನಿನ್ನೇ ಕಣೇ ಕರೀತಿರೋದು" ಎಂದು ಎಚ್ಚರಿಸಬೇಕಿತ್ತು. ಸೇರಿದ ಹೊಸದರಲ್ಲಿ ಮೊಟ್ಟೆಚಿಪ್ಪು ಗುಡಿಸುತ್ತಿದ್ದವಳು, ಮಗಳು ಹುಟ್ಟುವ ಹೊತ್ತಿಗೆ ಮರಿಗಳನ್ನು ಪೆಟ್ಟಿಗೆಗೆ ತುಂಬುವ ಕೋಣೆಗೆ ಬಡ್ತಿ ಪಡೆದಿದ್ದಳು. ಈಗ ಆ ಮಗಳು ಹೈಸ್ಕೂಲಿಗೆ ಹೋಗುತ್ತಾಳೆ. ಅಷ್ಟು ವರ್ಷಗಳಲ್ಲಿ ಅವಳ ಕೈಯಿಂದ ಹಾದುಹೋದ ಮರಿಗಳ ಲೆಕ್ಕ ಹಿಡಿಯಲು ಹೋದವರಿಗೆ ತಲೆ ತಿರುಗೀತು.

ನೋಡುವವರಿಗೆ ಅದೇನು ಮಹಾ ಕೆಲಸ ಅನ್ನಿಸಬಹುದು. ಬೆಚ್ಚಗಿನ ಕೋಣೆ, ಉದ್ದದ ಮೇಜು, ಮೇಜಿನ ತುಂಬ ಅರಿಶಿನದ ಉಂಡೆಗಳು ಉರುಳಾಡಿದ ಹಾಗೆ ಮರಿಗಳು. ಎರಡೂ ಕೈಯಲ್ಲಿ ಬಾಚಿ, ರಟ್ಟಿನ ಪೆಟ್ಟಿಗೆಯ ನಾಲ್ಕು ಖಾನೆಗಳಿಗೆ ಸಮನಾಗಿ ಇಳಿಸಿ ಮುಚ್ಚಳ ಹಾಕಬೇಕು. ಪೆಟ್ಟಿಗೆಯ ಸುತ್ತ ಗಾಳಿಯಾಡಲು ದುಂಡನೆಯ ತೂತುಗಳು. ಇಷ್ಟೇ. ಆದರೆ ಪೆಟ್ಟಿಗೆಯಕ್ಕ ಮುಚ್ಚಳ ಹಾಕಿದ ಮೇಲೆ ಪ್ರತಿಯೊಂದು ಪೆಟ್ಟಿಗೆಗೂ ಒಂದು ಗಳಿಗೆ ಕಿವಿಗೊಡುತ್ತಿದ್ದಳು. ಚಳಿಯಾದ ಮರಿ ಕಿರ್ರೆಂದು ಚೀರುತ್ತದೆ. ಹಿತವಾಗಿದ್ದರೆ ತಮ್ಮತಮ್ಮಲ್ಲೇ ಗುಜುಗುಜು ಮಾತಾಡಿಕೊಳ್ಳುತ್ತವೆ. ಸೆಕೆಯಾದರೆ ಬಾಯಿ ತೆರೆದುಕೊಂಡು ಸುಮ್ಮನಾಗಿಬಿಡುತ್ತವೆ. ಈ ಸುಮ್ಮನಾಗುವುದೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಅವಳು ಹೊಸಬರಿಗೆ ಕಿವಿ ಹಿಂಡಿ ಹೇಳಿಕೊಡುತ್ತಿದ್ದಳು.

ಅವಳಿಗೆ ಎಂದೂ ಹಳತಾಗದ ಬೆರಗೊಂದಿತ್ತು. ಮೊಟ್ಟೆಯೊಡೆದು ಬರುವ ಮುಂಚೆ ಮರಿ, ಉಳಿದ ಹಳದಿಯನ್ನೆಲ್ಲ ತನ್ನ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಅದರ ಬಲದ ಮೇಲೆ ಎರಡು ಮೂರು ದಿನ ಅದಕ್ಕೆ ಕಾಳೂ ಬೇಡ, ನೀರೂ ಬೇಡ. ಬುತ್ತಿಯನ್ನು ಹೊಟ್ಟೆಯಲ್ಲೇ ಕಟ್ಟಿಕೊಂಡು ಭೂಮಿಗೆ ಬರುವ ಪ್ರಾಣಿ! "ನಾವು ಪಕ್ಕದ ಊರಿಗೆ ಹೋಗೋಕೆ ಎರಡು ಚೀಲ ಹೊರ್ತೀವಿ, ಇವು ನೋಡು" ಎಂದು ಅವಳು ಹೇಳದ ದಿನವಿರಲಿಲ್ಲ. ಮನೆಯಲ್ಲಿ ಅತ್ತೆಗೆ ಈ ಮಾತು ಕೇಳಿ ಕೇಳಿ ಕಿವಿ ತೂತಾಗಿತ್ತು.

ಮರಿಗಳು ಇಲ್ಲಿಯತನಕ ಲಾರಿಯಲ್ಲಿ ಹೋಗುತ್ತಿದ್ದವು. ಲಾರಿ ಓಡಿಸುವವನು ಅವಳ ಮೈದುನನೇ. ಗುಡ್ಡದ ಮೇಲಿನ ಊರುಗಳಿಗೆ ಹೋಗುವಾಗ, ಅದರಲ್ಲೂ ಚಳಿಗಾಲದಲ್ಲಿ, ಲಾರಿಯ ಬದಿಯಿಂದ ನುಗ್ಗುವ ಗಾಳಿಗೆ ಮರಿಗಳು ಸೆಟೆದುಹೋಗುತ್ತವೆ. ಆಗ ಪೆಟ್ಟಿಗೆಯಕ್ಕ ಅರ್ಧಕ್ಕರ್ಧ ತೂತುಗಳಿಗೆ ಟೇಪು ಅಂಟಿಸುತ್ತಿದ್ದಳು. ಆ ಉಪಾಯ ಅವಳದೇ. ಅದರಿಂದ ಎಷ್ಟೋ ಮರಿ ಉಳಿದಿದ್ದವು, ಯಜಮಾನರು ನಾಲ್ಕು ಜನರ ಮುಂದೆ ಹೊಗಳಿದ್ದರು. ಮನುಷ್ಯರಿಗೆ ಒಮ್ಮೆ ಶಹಬ್ಬಾಸ್ ಎನ್ನಿಸಿಕೊಂಡ ಕೆಲಸದ ಮೇಲೆ ಅದೆಂಥ ಮೋಹವೋ!

ಹೀಗಿರುವಾಗ ಒಂದು ದಿನ ಯಜಮಾನರು ಕೋಣೆಗೆ ಬಂದು, "ಪೆಟ್ಟಿಗೆಯಕ್ಕ, ಈ ಸಲ ನಿನ್ನ ಮರಿಗಳು ವಿಮಾನದಲ್ಲಿ ಹೋಗ್ತವೆ" ಎಂದರು. ಭೂಮಿಯ ಆ ಬದಿಯಲ್ಲಿರುವ ದೇಶದ ಒಂದು ಸಾಕಣೆ ಕೇಂದ್ರಕ್ಕೆ ಈ ತಳಿ ಬೇಕಾಗಿತ್ತು. ಐವತ್ತು ಪೆಟ್ಟಿಗೆ. ಈ ಊರಿನ ವಿಮಾನ ನಿಲ್ದಾಣದಿಂದ ಆ ಊರಿನ ನಿಲ್ದಾಣಕ್ಕೆ ಹದಿಮೂರು ಸಾವಿರದ ಚಿಲ್ಲರೆ ಕಿಲೋಮೀಟರ್. ಎಲ್ಲೂ ಇಳಿಯದೆ ಒಂದೇ ಹಾರಾಟ, ಹದಿನಾರು ಗಂಟೆ.

"ಎಲ್ಲೂ ಇಳಿಯದೆ?" ಎಂದು ಅವಳು ಬಾಯಿ ಬಿಟ್ಟುಕೊಂಡು ನಿಂತಳು. ತವರು, ಗಂಡನ ಮನೆ, ಹ್ಯಾಚರಿ, ಹೆರಿಗೆ ಆಸ್ಪತ್ರೆ, ಇಷ್ಟರೊಳಗೆ ಮುಗಿದಿತ್ತು ಅವಳ ತಿರುಗಾಟ. ಮೈದುನನನ್ನು ಕೇಳಿದಳು. ಅವನು ಸ್ಟೇರಿಂಗ್ ಹಿಡಿದವರ ಗತ್ತಿನಲ್ಲಿ ಲೆಕ್ಕ ಹಾಕಿ, "ನನ್ನ ಲಾರೀಲಾದ್ರೆ ಒಂದು ತಿಂಗಳು ಅತ್ತಿಗೆ. ಅದೂ ಸಮುದ್ರದ ಮೇಲೆ ರಸ್ತೆ ಹಾಕಿಸಿಕೊಟ್ರೆ" ಎಂದ.

ಆ ಸಂಜೆ ಮಗಳು ಶಾಲೆಯಿಂದ ಕಾಡಿಬೇಡಿ ಗ್ಲೋಬು ತಂದಳು. ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ನಮ್ಮೂರು ಇಲ್ಲಿ, ಆ ಊರು ಅಲ್ಲಿ ಎಂದು ತೋರಿಸಿದಳು. ಪೆಟ್ಟಿಗೆಯಕ್ಕ ಹೊಲಿಗೆಯ ದಾರ ಹಿಡಿದು, ತನಗೆ ತೋಚಿದಂತೆ ನೆಟ್ಟಗೆ ಪಕ್ಕಕ್ಕೆ, ಸಮುದ್ರದ ಮೇಲೆ ಹಾಯಿಸಿದಳು. ಮಗಳು ನಕ್ಕು ದಾರದ ಎರಡೂ ತುದಿ ಹಿಡಿದು ಬಿಗಿಯಾಗಿ ಎಳೆದಳು. ದಾರ ತನ್ನಷ್ಟಕ್ಕೆ ತಾನೇ ಮೇಲಕ್ಕೆ ಜಾರಿ, ಗ್ಲೋಬಿನ ನೆತ್ತಿಯ ಹತ್ತಿರ, ಬರೀ ಬಿಳಿ ಬಣ್ಣ ಬಳಿದಿದ್ದ ಜಾಗದ ಮೇಲೆ ಹೋಗಿ ಕೂತಿತು.

"ಅದೇನೇ ಅದು ಬಿಳೀದು?"

"ಹಿಮ ಅಮ್ಮ. ಅಲ್ಲಿ ಬರೀ ಹಿಮ. ವಿಮಾನ ಅದರ ಮೇಲೇ ಹೋಗೋದು. ಅದೇ ಹತ್ತಿರದ ದಾರಿ."

"ಮೇಲೆ ಹತ್ತಿ ಇಳಿಯೋದು ಹತ್ತಿರವಂತೆ! ಅಮ್ಮ ಮಗಳ ಲೆಕ್ಕ ದೇವರಿಗೇ ಪ್ರೀತಿ" ಎಂದು ಅತ್ತೆ ಒಳಗಿನಿಂದ ಮೂಗು ಮುರಿದರು. ಮೂಗು ಮುರಿದವರೇ ಆಮೇಲೆ ಎದ್ದು ಬಂದು ಕನ್ನಡಕ ಹಾಕಿಕೊಂಡು ದಾರವನ್ನು ಬಗ್ಗಿ ನೋಡಿದರು.

ಮಗಳ ಹತ್ತಿರ ಇನ್ನೊಂದು ಸುದ್ದಿಯೂ ಇತ್ತು. ವಿಮಾನ ಇಲ್ಲಿಂದ ಮಧ್ಯಾಹ್ನ ಮೂರಕ್ಕೆ ಹೊರಟು ಅಲ್ಲಿ ಅದೇ ದಿನ ಸಂಜೆ ಏಳಕ್ಕೆ ಇಳಿಯುತ್ತದೆ. ಅಲ್ಲಿನ ಗಡಿಯಾರ ಅಷ್ಟು ಹಿಂದೆ. ಹದಿನಾರು ಗಂಟೆ ಹಾರಿದರೂ ಗಡಿಯಾರದಲ್ಲಿ ನಾಲ್ಕೇ ಗಂಟೆ. ಪೆಟ್ಟಿಗೆಯಕ್ಕನಿಗೆ ಇದು ಪೂರ್ತಿ ತಲೆಗೆ ಹೋಗಲಿಲ್ಲ, ಆದರೆ ಮೈ ಜುಮ್ಮೆಂದಿತು. "ಹಾಗಾದ್ರೆ ನನ್ನ ಮರಿಗಳಿಗೆ ದಾರೀಲಿ ವಯಸ್ಸೇ ಆಗಲ್ಲ ಅನ್ನು" ಎಂದಳು. ಆ ರಾತ್ರಿ ಅನ್ನ ಬಡಿಸುವಾಗಲೂ ಅವಳ ಕಣ್ಣು ಆ ದಾರದ ಮೇಲೇ. ನಿನ್ನೆಯವರೆಗೆ ಚಿಪ್ಪಿನೊಳಗಿದ್ದದ್ದು ನಾಳೆ ಭೂಮಿಯ ನೆತ್ತಿ ದಾಟುತ್ತದೆ! ಜೊತೆಗೇ ಒಂದು ಭಯವೂ ಹೊಕ್ಕಿತು. ಗುಡ್ಡದ ಗಾಳಿಯನ್ನೇ ತಡೆಯದ ಮರಿಗಳು ಆ ಬಿಳಿ ಜಾಗವನ್ನು ಹೇಗೆ ತಡೆದಾವು?

ಮರಿ ಹೊರಟ ದಿನ ಯಜಮಾನರು ಪರವಾನಗಿ, ಪಶುವೈದ್ಯರ ಸಹಿ ಅಂತ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡುತ್ತಿದ್ದರು. ಪೆಟ್ಟಿಗೆಯಕ್ಕ ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಕೇಳುವುದೇನಿದೆ, ಚಳಿಗೆ ತೂತು ಮುಚ್ಚುವುದನ್ನು ಊರಿಗೇ ಕಲಿಸಿದವಳು ಅವಳೇ ಅಲ್ಲವೇ? ಗುಡ್ಡಕ್ಕೆ ಅರ್ಧ ತೂತು ಮುಚ್ಚಿದರೆ ಹಿಮಕ್ಕೆ ಮುಕ್ಕಾಲಾದರೂ ಬೇಕು ಎಂದು ತನಗೆ ತಾನೇ ತೀರ್ಮಾನಿಸಿ, ಐವತ್ತೂ ಪೆಟ್ಟಿಗೆಗೆ ನೀಟಾಗಿ ಟೇಪು ಅಂಟಿಸಿದಳು. ಮಗುವಿಗೆ ಕುಲಾವಿ ಕಟ್ಟುವಷ್ಟು ಪ್ರೀತಿಯಿಂದ ಉಗುರಿನಿಂದ ತೀಡಿ ತೀಡಿ ಕೂರಿಸಿದಳು. ಆಮೇಲೆ ಯಜಮಾನರ ಹತ್ತಿರ ಹೋಗಿ, "ನಾನೂ ಲಾರೀಲಿ ಹೋಗಿ ಒಂದ್ಸಲ ನೋಡ್ಕೊಂಡು ಬರ್ತೀನಿ" ಎಂದು ಕೇಳಿಕೊಂಡಳು. ಅವರು ಗಡಿಬಿಡಿಯಲ್ಲಿ "ಹೂಂ, ಹೋಗಿ ಬಾ" ಎಂದರು.

ವಿಮಾನ ನಿಲ್ದಾಣದ ಸರಕಿನ ಶೆಡ್ಡು ಅವಳು ಕಂಡ ಎಲ್ಲ ಕಟ್ಟಡಗಳಿಗಿಂತ ದೊಡ್ಡದು. ಮರಿಯ ಪೆಟ್ಟಿಗೆಗಳನ್ನು ಹಮಾಲರು ಅಗಲವಾದ ಲೋಹದ ಹಲಗೆಯೊಂದರ ಮೇಲೆ ಒಂದರ ಮೇಲೊಂದು ಪೇರಿಸಿ, ಮೇಲಿನಿಂದ ಬಲೆ ಬಿಗಿದರು. ಅಲ್ಲಿನ ಮೇಲ್ವಿಚಾರಕ ನಡುವಯಸ್ಸಿನ ಮನುಷ್ಯ, ಮಾತು ಒರಟು. ಆದರೆ ಪೆಟ್ಟಿಗೆಯಕ್ಕ ಕಣ್ಣರಳಿಸಿ ನಿಂತದ್ದು ನೋಡಿ ಅವನಿಗೂ ಹೇಳುವ ಹುರುಪು ಬಂತು.

"ಮೇಲೆ ಮುನ್ನೂರು ಜನ ಕೂತ್ಕೊಂಡು ಊಟ ಮಾಡ್ತಿರ್ತಾರೆ ಅಮ್ಮ. ಅವರ ಕಾಲಿನ ಕೆಳಗೇ ನಿಮ್ಮ ಮರಿಗಳು. ಹತ್ತು ಕಿಲೋಮೀಟರ್ ಎತ್ತರ. ಹೊರಗೆ ನೀರು ಚೆಲ್ಲಿದ್ರೆ ಆ ಕ್ಷಣವೇ ಕಲ್ಲು."

"ಅಷ್ಟು ಚಳೀನಾ!" ಎಂದಳು ಅವಳು. ತಾನು ಮಾಡಿದ್ದು ಎಷ್ಟು ಒಳ್ಳೆಯದಾಯಿತು ಎಂದು ಒಳಗೊಳಗೇ ಬೀಗಿದಳು ಕೂಡ.

"ಚಳಿ ಹೊರಗೆ. ಒಳಗ್ಯಾಕೆ ಬರುತ್ತೆ? ಪ್ರಾಣಿ ಇದ್ರೆ ಆ ಖಾನೆ ಬೆಚ್ಚಗೇ ಇಟ್ಟಿರ್ತೀವಿ. ಕೋಳಿಮರಿ ಹೋಗುವಾಗ ನಾವು ಚಳಿಗೆ ಹೆದರೋದಿಲ್ಲ ಅಮ್ಮ, ಸೆಕೆಗೆ ಹೆದರೋದು. ಅಷ್ಟು ಸಾವಿರ ಮರಿ ಮೈಬಿಸಿ ಅಂದ್ರೆ ಒಲೆ ಹಚ್ಚಿದ ಹಾಗೆ. ಗಾಳಿ ಆಡ್ತಿರಬೇಕು, ಅಷ್ಟೇ."

ಪೆಟ್ಟಿಗೆಯಕ್ಕ ಬಲೆಯ ಹತ್ತಿರ ಹೋಗಿ ಪೆಟ್ಟಿಗೆಗೆ ಕಿವಿ ಇಟ್ಟಳು. ಹೊರಸಾಲಿನವು ಗುಜುಗುಜು ಎನ್ನುತ್ತಿದ್ದವು. ಆದರೆ ಗುಂಪಿನ ಒಳಗಿನಿಂದ, ನಡುವಿನಿಂದ, ಸದ್ದು ಕಡಿಮೆಯಾಗಿತ್ತು.

ಸುಮ್ಮನೆ ಇದ್ದುಬಿಡಬಹುದಿತ್ತು. ಟೇಪು ಪೆಟ್ಟಿಗೆಯದೇ ಬಣ್ಣ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಲ್ಲಿಗೆ ಹೋದ ಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ ತಪ್ಪನ್ನು ದಾರಿಯ ಮೇಲೆ ಹಾಕಬಹುದಿತ್ತು, ವಿಮಾನದ ಮೇಲೆ ಹಾಕಬಹುದಿತ್ತು. ಇಷ್ಟು ವರ್ಷ ಹೊಗಳಿಸಿಕೊಂಡ ಕೆಲಸದಲ್ಲೇ ಎಡವಿದೆ ಎಂದು ಅಪರಿಚಿತ ಗಂಡಸರ ನಡುವೆ ಹೇಳಿಕೊಳ್ಳುವುದೆಂದರೆ ನಾಲಿಗೆ ಹೊರಳಬೇಕಲ್ಲ. ಹೊರಳಿತು. "ಅಣ್ಣಾ, ನಾನು ತೂತು ಮುಚ್ಚಿಬಿಟ್ಟಿದೀನಿ. ಎಲ್ಲಾ ಪೆಟ್ಟಿಗೇದೂ. ಹಿಮದ ಮೇಲೆ ಹೋಗುತ್ತೆ ಅಂತ ಮುಚ್ಚಿದೆ" ಎಂದಳು. ಹೇಳುತ್ತ ಹೇಳುತ್ತಲೇ ಬಲೆಯ ಸಂದಿಯಲ್ಲಿ ಕೈ ತೂರಿಸಿ ಟೇಪು ಕೀಳತೊಡಗಿದಳು.

ಮೇಲ್ವಿಚಾರಕನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೈಯುತ್ತಲೇ ಗಡಿಯಾರ ನೋಡಿದ, ಬೈಯುತ್ತಲೇ "ಬಲೆ ಬಿಚ್ರೋ" ಎಂದು ಕೂಗಿದ. ಹಮಾಲರು, ಮೈದುನ, ತೂಕದ ಯಂತ್ರದ ಮುಂದೆ ಕೂತಿದ್ದವನು, ಎಲ್ಲರೂ ಕೈಹಚ್ಚಿದರು. ಅವಳು ಉಗುರಿನಿಂದ ತೀಡಿ ಕೂರಿಸಿದ ಟೇಪು ಅಷ್ಟು ಸುಲಭಕ್ಕೆ ಬರುವುದೇ? ಅವಳ ಎರಡು ಉಗುರು ಕಿತ್ತು ರಕ್ತ ಬಂತು, ಅವಳಿಗೆ ಅದು ಗೊತ್ತೂ ಆಗಲಿಲ್ಲ. ಮೇಲಿನ ಸಾಲು ಮುಗಿಯಿತು, ಹೊರಸಾಲು ಮುಗಿಯಿತು, ನಡುವಿನವು ಒಂದೊಂದಾಗಿ ಹೊರಗೆ ಬಂದು ಮತ್ತೆ ಕೂತವು. ಕೊನೆಗೆ ತಳದ ನಡುವೆ ನಾಲ್ಕು ಪೆಟ್ಟಿಗೆ ಉಳಿದಾಗ ಮೇಲ್ವಿಚಾರಕ ಕೈ ಅಡ್ಡ ಹಿಡಿದ.

"ಸಾಕು. ಇನ್ನು ಬಿಚ್ಚಿದ್ರೆ ವಿಮಾನ ತಪ್ಪುತ್ತೆ. ಮುಂದಿನದು ನಾಡಿದ್ದು."

"ನಾಲ್ಕು ಉಳಿದಿದೆ ಅಣ್ಣ."

"ನಾಲ್ಕಕ್ಕೋಸ್ಕರ ಐವತ್ತನ್ನೂ ಇಲ್ಲಿ ಕೂರಿಸ್ತೀರಾ? ಸುತ್ತಲಿನವು ತೆರೆದಿದಾವೆ, ಕಾಲು ಭಾಗ ತೂತು ಇದೆಯಲ್ಲ, ಬದುಕಿದ್ರೆ ಬದುಕ್ತವೆ. ನೀವೇ ಹೇಳಿ, ಕಳಿಸ್ಲಾ ಬೇಡ್ವಾ?"

ಹೊಟ್ಟೆಯ ಬುತ್ತಿ ನಾಡಿದ್ದಿನವರೆಗೆ ಕಾಯುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರಿದ್ದರು? "ಕಳ್ಸಿ" ಎಂದಳು. ಮೈದುನನ ಫೋನಿನಲ್ಲೇ ಯಜಮಾನರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಬೈಯಲಿಲ್ಲ. "ಅವು ಇಳೀಲಿ. ಆಮೇಲೆ ಮಾತಾಡೋಣ" ಎಂದಷ್ಟೇ ಹೇಳಿ ಫೋನಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಲಾರಿ ನಿಲ್ಲಿಸಿದ್ದ ಕಡೆ ತಂತಿಬೇಲಿಯಾಚೆ ಓಡುದಾರಿ ಕಾಣುತ್ತಿತ್ತು. ಅಲ್ಲೇ ಇಬ್ಬರೂ ನಿಂತರು. ವಿಮಾನ ಮೊದಲು ನಿಧಾನಕ್ಕೆ, ಎಲ್ಲಿಗೂ ಹೋಗುವ ಮನಸ್ಸಿಲ್ಲದ ಹಾಗೆ ಬಂದು ತಿರುಗಿ ನಿಂತಿತು. ಆಮೇಲೆ ನೆಲ ಅದುರಿತು. ಬೇಲಿಯ ತಂತಿ ಅದುರಿತು. ಅವಳ ಹಲ್ಲು, ಎದೆ, ಹಿಡಿದ ಕೈ ಎಲ್ಲ ಅದುರಿದವು. ಮನೆಯಷ್ಟು ಎತ್ತರದ ಆ ಲೋಹ ನೆಲ ಬಿಟ್ಟು ಎದ್ದದ್ದನ್ನು ಕಣ್ಣಾರೆ ಕಂಡರೂ ಅವಳಿಗೆ ನಂಬಿಕೆಯಾಗಲಿಲ್ಲ. ಕೋಳಿ ಎಂದರೆ ಗೋಡೆ ಹತ್ತಲು ರೆಕ್ಕೆ ಬಡಿದು ಬಡಿದು ಸುಸ್ತಾಗುವ ಜಾತಿ. ಆ ಜಾತಿಯ ಕೂಸುಗಳು, ಇನ್ನೂ ಪುಕ್ಕವೂ ಬಾರದವು, ಮೋಡದೊಳಗೆ ಹೋದವು. ಅವಳು ಕೈ ಮುಗಿದುಬಿಟ್ಟಳು.

ಮನೆಗೆ ಬಂದು ಕಾಲು ತೊಳೆಯುವಾಗ ಅವು ಯಾವುದೋ ಬೆಟ್ಟಸಾಲಿನ ಮೇಲಿದ್ದವು. ಊಟಕ್ಕೆ ಕೂತಾಗ ಮಗಳು ದಾರದ ಮೇಲೆ ಬೆರಳಿಟ್ಟು, "ಈಗ ಇಲ್ಲಿ" ಎಂದಳು. ಬೆರಳು ಇನ್ನೂ ಬಿಳಿಯನ್ನು ಮುಟ್ಟಿರಲಿಲ್ಲ. "ಇಷ್ಟು ಹೊತ್ತು ಹೋದ್ರೂ ಇನ್ನೂ ಇಷ್ಟೇನಾ?" ಎಂದಳು ಅವಳು. ಅದುವರೆಗೆ ಹದಿಮೂರು ಸಾವಿರ ಎಂದರೆ ಬರೀ ಬಾಯಿಮಾತಾಗಿತ್ತು. ಗಂಟೆಗೆ ಎಂಟುನೂರು ಕಿಲೋಮೀಟರ್ ಓಡುವ ಯಂತ್ರ ಸಂಜೆಯೆಲ್ಲ ಓಡಿದರೂ ಮುಗಿಯದ ಭೂಮಿ ಎಷ್ಟು ದೊಡ್ಡದಿರಬೇಕೆಂದು ಅವಳಿಗೆ ಆಗ ಹೊಳೆಯಿತು. ಅಂಥ ದೊಡ್ಡ ಭೂಮಿಯ ಮೇಲೆ ತನ್ನ ನಾಲ್ಕು ಪೆಟ್ಟಿಗೆ ಉಸಿರಿಗಾಗಿ ಬಾಯಿ ತೆರೆದಿವೆ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅತ್ತೆ ಏನೋ ಚುಚ್ಚಲು ಬಾಯಿ ತೆರೆದವರು ಸೊಸೆಯ ಮುಖ ನೋಡಿ, ಎದ್ದು ಮಜ್ಜಿಗೆ ತಂದುಕೊಟ್ಟರು.

ಬೆಳಗ್ಗೆ ಅವಳು ಎದ್ದು ಕಸ ಗುಡಿಸುವ ಹೊತ್ತಿಗೆ ವಿಮಾನ ಇಳಿದಿತ್ತು. ಅವಳು ಮಾಡಿದ್ದು ಒಂದು ನಿದ್ದೆ, ಅದೂ ಅರ್ಧಂಬರ್ಧ. ಅಷ್ಟರಲ್ಲಿ ಅವು ಹಿಮವನ್ನೆಲ್ಲ ದಾಟಿ ಇನ್ನೊಂದು ನೆಲಕ್ಕೆ ಇಳಿದಿದ್ದವು.

ಹ್ಯಾಚರಿಯಲ್ಲಿ ಕೈ ಕೆಲಸದಲ್ಲಿದ್ದರೂ ಕಿವಿ ಯಜಮಾನರ ಕೋಣೆಯ ಕಡೆಗೇ ಇತ್ತು. ಹತ್ತು ಗಂಟೆ ದಾಟಿದ ಮೇಲೆ ಕರೆ ಬಂತು. ಹೋದಳು. ಯಜಮಾನರು ಫೋನನ್ನು ಮೇಜಿನ ಮೇಲೆ ಡಬ್ಬಿಯೊಂದಕ್ಕೆ ಒರಗಿಸಿಟ್ಟಿದ್ದರು. ಪರದೆಯಲ್ಲಿ ಆ ದೇಶದ ಸಾಕಣೆ ಕೇಂದ್ರದ, ನೀಲಿ ಅಂಗಿಯ ಹೆಂಗಸೊಬ್ಬಳು, ಪೆಟ್ಟಿಗೆಯಕ್ಕನ ವಯಸ್ಸಿನವಳೇ. ಹಿಂದಿನ ಕಿಟಕಿಯಲ್ಲಿ ಕತ್ತಲೆ. ಇಲ್ಲಿ ಬಿಸಿಲು ಮೇಜಿನ ಮೇಲೆ ಬಿದ್ದಿದೆ, ಅಲ್ಲಿ ಕತ್ತಲೆ! ಪೆಟ್ಟಿಗೆಯಕ್ಕ ಆ ಕಿಟಕಿಯನ್ನೇ ಬೆರಗಾಗಿ ನೋಡಿದಳು. ಆ ಹೆಂಗಸಿನ ಭಾಷೆ ಇವಳಿಗೆ ಬಾರದು, ಇವಳದು ಅವಳಿಗೆ ಬಾರದು. ಅವಳು ಪೆಟ್ಟಿಗೆ ಎತ್ತಿ ತೋರಿಸುವುದು, ಇವಳು ತಲೆಯಾಡಿಸುವುದು, ಇಷ್ಟೇ ಮಾತು.

ತೆರೆದ ಪೆಟ್ಟಿಗೆಗಳ ಮರಿಗಳೆಲ್ಲ ಆಗಲೇ ನೆಲದ ಮೇಲೆ ಹರಡಿಕೊಂಡಿದ್ದವು. ಗಲಾಟೆಯೋ ಗಲಾಟೆ. ಕೊನೆಗೆ ಟೇಪಿನ ಪೆಟ್ಟಿಗೆಗಳು ಬಂದವು. ಒಂದರಲ್ಲಿ ಎಲ್ಲವೂ ಎದ್ದು ನಿಂತವು. ಎರಡನೆಯದರಲ್ಲೂ ನಿಂತವು. ಮೂರನೆಯದರಲ್ಲಿ ತಡವಾಗಿ ನಿಂತವು. ನಾಲ್ಕನೆಯದರ ಮುಚ್ಚಳ ತೆಗೆದವಳು ಒಂದು ಕ್ಷಣ ಫೋನಿಗೆ ಅಂಗೈ ಅಡ್ಡ ಹಿಡಿದಳು. ಭಾಷೆ ಬಾರದಿದ್ದರೂ ಪೆಟ್ಟಿಗೆಯಕ್ಕನಿಗೆ ಅರ್ಥವಾಯಿತು. ಕೈ ತೆಗೆದಾಗ ಆ ಹೆಂಗಸು ಒಂದೊಂದೇ ಸತ್ತ ಮರಿಯನ್ನು ಎತ್ತಿ ಪಕ್ಕಕ್ಕೆ ಬಟ್ಟೆಯ ಮೇಲೆ ಮಲಗಿಸುತ್ತಿದ್ದಳು. ಹನ್ನೊಂದು.

"ನಾನೇ ಕೊಂದೆ ಯಜಮಾನ್ರೇ" ಎಂದು ಪೆಟ್ಟಿಗೆಯಕ್ಕ ಅತ್ತಳು. ಸೆರಗು ಬಾಯಿಗಿಟ್ಟು ಅತ್ತಳು. ಅಷ್ಟು ದೂರ, ಅಷ್ಟು ಎತ್ತರ ಹೋಗಿ, ಇನ್ನೇನು ಬಾಗಿಲಲ್ಲಿ ಸತ್ತವಲ್ಲ ಎಂದು ಅವಳ ಸಂಕಟ. ಯಜಮಾನರು ಎಣಿಸಿಟ್ಟುಕೊಂಡಿದ್ದ ಮಾತು ಏನಿತ್ತೋ, ಅದನ್ನು ಬಿಟ್ಟು ಫೋನನ್ನು ಅವಳಿಗೆ ಇನ್ನಷ್ಟು ಹತ್ತಿರ ಸರಿಸಿದರು.

ಆ ಕಡೆಯ ಹೆಂಗಸು ಅದೇ ಪೆಟ್ಟಿಗೆಯ ತಳದಿಂದ, ಕತ್ತು ಒರಗಿಸಿ ಬಿದ್ದಿದ್ದ ಮರಿಯೊಂದನ್ನು ಎತ್ತಿದಳು. ಉಸಿರಿತ್ತು. ಅದನ್ನು ನೀರಿನ ತಟ್ಟೆಯ ಹತ್ತಿರ ಒಯ್ದು, ಎರಡು ಬೆರಳಿನಲ್ಲಿ ತಲೆ ಹಿಡಿದು, ಕೊಕ್ಕನ್ನು ಮೆಲ್ಲಗೆ ನೀರಿಗೆ ಅದ್ದಿ ಬಿಟ್ಟಳು. ಮರಿ ಹಾಗೇ ಕೂತಿತ್ತು. ಇನ್ನೊಮ್ಮೆ ಅದ್ದಿದಳು. ಆಗ ಅದು ತಲೆ ಎತ್ತಿತು, ಮೇಲೆ ನೋಡಿತು, ಗಂಟಲು ಒಮ್ಮೆ ಅಲುಗಿತು. ಮತ್ತೆ ತಾನೇ ಬಗ್ಗಿತು, ತಾನೇ ತಲೆ ಎತ್ತಿತು. ಅದನ್ನು ನೋಡಿ ಪಕ್ಕದ್ದು ಬಗ್ಗಿತು, ಅದರ ಪಕ್ಕದ್ದು ಬಗ್ಗಿತು.

ಪೆಟ್ಟಿಗೆಯಕ್ಕನ ಅಳು ನಿಂತಿತ್ತು. ಮೇಜಿಗೆ ಕೈಯೂರಿ ಪರದೆಗೆ ಮುಖ ತಾಗುವಷ್ಟು ಬಗ್ಗಿದ್ದಳು.

"ನೀರು ಕುಡೀತಾ ಇದೆ" ಎಂದಳು.

"ಕುಡೀದೆ ಇನ್ನೇನು?" ಎಂದರು ಯಜಮಾನರು.

"ನಾನು ನೋಡೇ ಇರಲಿಲ್ಲ ಯಜಮಾನ್ರೇ. ಮುಚ್ಚಳ ಹಾಕೋವರೆಗೆ ಮಾತ್ರ ನಾನು ನೋಡ್ತಿದ್ದದ್ದು. ಇಷ್ಟು ವರ್ಷದಲ್ಲಿ ಒಂದಾದ್ರೂ ಮರಿ ನನ್ನ ಮುಂದೆ ನೀರು ಕುಡಿದಿಲ್ಲ."

ಯಜಮಾನರು ಫೋನಿನ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಅವಳ ಕಡೆ ಎಳೆದು, "ಕೂತ್ಕೊಂಡು ನೋಡು" ಎಂದು ಹೊರಗೆ ಹೋದರು.